ಕಡತದಿಂದ ಉದುರಿದ ಹಳದಿ

ಜುಲೈ ಎಂಟು, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ನವಿ ಮುಂಬಯಿಯ ರಬಾಳೆಯಲ್ಲಿರುವ ನಮ್ಮ ಕಾರ್ಖಾನೆಯ ದಾಖಲೆ ಕೋಣೆ. ಹಾಜರಿದ್ದವರು ಮೂವರು. ಒಬ್ಬ ನಾನು, ಏಳು ವರ್ಷದ ಹಿಂದೆ ಅಲ್ಲಿಂದ ಗುಣಮಟ್ಟ ವಿಭಾಗದ ಮುಖ್ಯಸ್ಥನಾಗಿ ನಿವೃತ್ತನಾದವನು. ಇನ್ನೊಬ್ಬಳು ಈಗ ಆ ವಿಭಾಗ ನೋಡಿಕೊಳ್ಳುವ ಅಧಿಕಾರಿ. ಅವಳದು ನಮ್ಮ ಉಡುಪಿ ಕಡೆಯ ಮನೆತನ, ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಕನ್ನಡ ಪೂರ್ತಿ ತಿಳಿಯುತ್ತದೆ, ಬಾಯಿಗೆ ಬರುವುದು ಹಿಂದಿ. ಮೂರನೆಯವನು ಕಲಬುರಗಿ ಕಡೆಯ ವೆಲ್ಡರ್, ಐವತ್ತು ದಾಟಿದವನು. ಇಪ್ಪತ್ತೆರಡು ವರ್ಷದಿಂದ ಅವನ ನಂಬರು ಹದಿನೇಳು. ಕುರ್ಚಿ ತೋರಿಸಿದರೂ ಅವನು ಕೂರಲಿಲ್ಲ.

"ಸಾಹೇಬ್ರ, ಶಾಪಿನ ಬಾಗಿಲಿಗೆ ಚೀಟಿ ಅಂಟಿಸ್ಯಾರ. ನೋಡಿದ್ರೇನು?"

ನೋಡಿದ್ದೆ. ಒಳಗೆ ಬರುವಾಗಲೇ ಕಣ್ಣಿಗೆ ಬಿದ್ದಿತ್ತು. ಮುಂದಿನ ಆದೇಶದವರೆಗೆ ಹದಿನೇಳನೇ ನಂಬರಿನ ವೆಲ್ಡರಿಗೆ ವೆಲ್ಡಿಂಗ್ ಕೆಲಸ ಕೊಡಬಾರದು ಎಂದು ದಪ್ಪ ಅಕ್ಷರದಲ್ಲಿ, ಹಿಂದಿಯಲ್ಲಿ. ಕೆಳಗೆ ವರ್ಕ್ಸ್ ಮ್ಯಾನೇಜರರ ಸಹಿ. ಎರಡು ಪಾಳಿಯ ಜನ ಅದನ್ನು ಓದಿಕೊಂಡು ಒಳಗೆ ಹೋಗಿದ್ದರು.

ನಮ್ಮಲ್ಲಿ ವೆಲ್ಡರಿನ ನಂಬರು ಎಂದರೆ ಹಾಜರಿ ಪುಸ್ತಕದ ನಂಬರಲ್ಲ. ರಾಸಾಯನಿಕ ಕಾರ್ಖಾನೆಗಳಿಗೆ ನಾವು ಮಾಡಿಕೊಡುವ ಉಕ್ಕಿನ ದೊಡ್ಡ ಪಾತ್ರೆಗಳಲ್ಲಿ, ಅಂದರೆ ವೆಸೆಲ್‌ಗಳಲ್ಲಿ, ಒಂದೊಂದು ಜಾಯಿಂಟಿನ ಪಕ್ಕದಲ್ಲೂ ಅದನ್ನು ಬೆಸೆದವನು ತನ್ನ ನಂಬರನ್ನು ಪಂಚಿನಿಂದ ಒತ್ತುತ್ತಾನೆ. ಪರೀಕ್ಷೆ ಕೊಟ್ಟು ಗಳಿಸಿದ ನಂಬರು ಅದು. ಅದನ್ನು ಕಿತ್ತರೆ ಈ ಇಡೀ ಕೈಗಾರಿಕಾ ಪಟ್ಟಿಯಲ್ಲಿ, ರಬಾಳೆಯಿಂದ ತಳೋಜಾದವರೆಗೆ, ಅವನನ್ನು ಯಾವ ಕಾರ್ಖಾನೆಯವರೂ ವೆಲ್ಡಿಂಗ್ ಟಾರ್ಚ್ ಮುಟ್ಟಲು ಬಿಡುವುದಿಲ್ಲ. ಗ್ರೈಂಡಿಂಗಿಗೆ ಹಾಕುತ್ತಾರೆ, ಇಲ್ಲವೇ ಲೋಡಿಂಗಿಗೆ.

ಚೀಟಿಯ ಕಾರಣ ಸೋಮವಾರ ಬಂದಿದ್ದ ಒಂದು ಪತ್ರ. ಹನ್ನೊಂದು ವರ್ಷದ ಹಿಂದೆ ಡೊಂಬಿವಲಿಯ ಒಂದು ರಾಸಾಯನಿಕ ಕಾರ್ಖಾನೆಗೆ ನಾವು ಮಾಡಿಕೊಟ್ಟಿದ್ದ ವೆಸೆಲ್‌ನ ಮೈಸುತ್ತ ಹೋಗುವ ಎರಡನೇ ಜಾಯಿಂಟಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತ್ತು, ಒಳಗಿನದು ಜಿನುಗುತ್ತಿತ್ತು. ಜಾಯಿಂಟಿಗೆ ನಕ್ಷೆಯಲ್ಲಿ ಸಿ-ಎರಡು ಎಂದು ಹೆಸರು. ಪಕ್ಕದ ಪಂಚಿನ ನಂಬರು ತುಕ್ಕಿಗೆ ಅಳಿಸಿಹೋಗಿದೆ, ಅದನ್ನು ಬೆಸೆದವರು ಯಾರು, ಮಂಗಳವಾರ ಸಂಜೆ ಐದರೊಳಗೆ ತಿಳಿಸಿ ಎಂದು ಅವರು ಬರೆದಿದ್ದರು. ಮ್ಯಾನೇಜರರು ಹೊಸ ಕಡತ ತೆರೆದರು. ಸಿ-ಎರಡರ ಮುಂದೆ ಹದಿನೇಳು ಎಂದಿತ್ತು. ಅರ್ಧ ಗಂಟೆಯಲ್ಲಿ ಚೀಟಿ ಬಾಗಿಲಿಗೇರಿತು.

ಬಿರುಕು ಯಾಕೆ ಬಂತು ಎಂದು ಒಬ್ಬರೂ ಕೇಳಲಿಲ್ಲ. ಹನ್ನೊಂದು ವರ್ಷ ಆ ಪಾತ್ರೆಯೊಳಗೆ ಏನು ಕುದಿಸಿದರು, ಎಷ್ಟು ಸಲ ಕಾಯಿಸಿ ಥಟ್ಟನೆ ತಣಿಸಿದರು, ಯಾವ ಆಮ್ಲ ಹಾಕಿದರು, ಇದೊಂದನ್ನೂ ಕೇಳಲಿಲ್ಲ. ಯಾರು ಎಂಬುದಷ್ಟೇ ಎಲ್ಲರಿಗೂ ಬೇಕಾಗಿತ್ತು. ನನಗೆ ಮೊದಲು ಸಿಟ್ಟು ಬಂದದ್ದು ಇದಕ್ಕೆ.

"ಆ ಜಾಯಿಂಟ್ ನಾ ಹಾಕಿದ್ದು ಖರೆ ಅದರಿ," ಎಂದ ಅವನು. "ಇಲ್ಲ ಅನ್ನಂಗಿಲ್ಲ. ಆದ್ರ ಅದನ್ನ ಕಡದು ಬ್ಯಾರೆಯವರು ಮತ್ತ ಹಾಕ್ಯಾರ. ಒಳಗಿನ ಕಾಯಿಲ್ ಬದಲಿ ಮಾಡ್ರಿ ಅಂತ ಗಿರಾಕಿನೇ ಹೇಳಿದ್ದ, ನೆನಪದ ಏನ್ರಿ? ನಾ ಅವಾಗ ತಳೋಜಾ ಸೈಟಿನಾಗ ಇದ್ದೆ. ವಾಪಸ್ ಬರೋದ್ರಾಗ ವೆಸೆಲ್‌ಗೆ ಬಣ್ಣ ಹಚ್ಚಿ ಲಾರಿ ಮ್ಯಾಲೆ ಏರಿಸಿದ್ರು."

ನನಗೆ ನೆನಪಿತ್ತು. ಒಳಗಿನ ಸುರುಳಿ ಕೊಳವೆಗಾಗಿ ಮುಗಿದ ವೆಸೆಲ್ ಅನ್ನು ಮತ್ತೆ ಕತ್ತರಿಸುವುದು ಮರೆಯುವ ಸಂಗತಿಯಲ್ಲ. ಗುತ್ತಿಗೆದಾರನ ಕಡೆಯ ಒಬ್ಬ ವೆಲ್ಡರ್ ಬಂದು ಮರು ಬೆಸೆದಿದ್ದ. ಆದರೆ ಅವನ ನಂಬರು ನೆನಪಿರಲಿಲ್ಲ. ಅಲ್ಲದೆ, ನೆನಪನ್ನು ದಾಖಲೆ ಎಂದು ಯಾರೂ ನನ್ನ ಮುಂದೆ ತರಕೂಡದು ಎಂದು ಮೂವತ್ತು ವರ್ಷ ಇದೇ ಕೋಣೆಯಲ್ಲಿ ಕೂಗಾಡಿದವನು ನಾನು. ಈಗ ನನ್ನ ನೆನಪನ್ನೇ ಹಿಡಿದುಕೊಂಡು ಹೋದರೆ ಮ್ಯಾನೇಜರರು ನಗುತ್ತಾರೆ, ನಗಲೇಬೇಕು.

"ಕಡತ ತೆಗಿ," ಎಂದೆ ಅಧಿಕಾರಿಗೆ. "ಸಿ-ಎರಡರಲ್ಲಿ ಹಳದಿ ಉಂಟಲ್ಲ, ಅದನ್ನು ತೋರಿಸು."

ಅವಳು ತೆಗೆದಳು. ಬಿಳಿ ಪರದೆ, ಕಪ್ಪು ಅಕ್ಷರ. ಸಿ-ಎರಡು, ಅಲ್ಪವಿರಾಮ, ಹದಿನೇಳು, ಅಲ್ಪವಿರಾಮ, ವೆಲ್ಡಿಂಗ್ ಕಡ್ಡಿಯ ಬ್ಯಾಚು, ಅಲ್ಪವಿರಾಮ, ತಾರೀಖು. ಅಷ್ಟೇ.

"ಹಳದಿ ಎಲ್ಲಿ?"

"ಕೌನ್‌ಸಾ ಹಳದಿ, ಕಾಕಾ? ಇದು ಟೆಕ್ಸ್ಟ್ ಫೈಲ್. ಇಸ್‌ಮೇ ಕಲರ್ ನಹೀ ಹೋತಾ."

ಬಣ್ಣ ಇರುವುದಿಲ್ಲ. ನಾನು ಅವಳ ಪಕ್ಕದ ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

ಈ ಹಳದಿ ಏನೆಂದು ಹೇಳಬೇಕು. ಕಾಗದದ ರಿಜಿಸ್ಟರಿದ್ದ ಕಾಲದಲ್ಲಿ ಒಂದು ನಿಯಮ ಮಾಡಿದ್ದೆ: ಒಮ್ಮೆ ಬರೆದ ನಂಬರನ್ನು ಹೊಡೆದು ಹಾಕಕೂಡದು, ಬಿಳಿ ಬಳಿಯಕೂಡದು. ಜಾಯಿಂಟನ್ನು ಕತ್ತರಿಸಿ ಮರು ಬೆಸೆದರೆ ಹಳೆಯ ನಂಬರಿನ ಚೌಕಕ್ಕೆ ಹಳದಿ ಪೆನ್ಸಿಲ್ ಸವರಬೇಕು, ಹೊಸಬನ ನಂಬರನ್ನು ಅದೇ ಹಾಳೆಯ ಹಿಂಬದಿಯಲ್ಲಿ ಬರೆಯಬೇಕು. ತಪಾಸಣೆಗೆ ಬಂದವರೆಲ್ಲ ಇದನ್ನು ಮೆಚ್ಚಿದರು. ಕಂಪ್ಯೂಟರ್ ಬಂದು ಕಾಗದದ ರಿಜಿಸ್ಟರ್ ನಿಂತ ಮೇಲೆ ಸ್ಪ್ರೆಡ್‌ಶೀಟಿನಲ್ಲೂ ಅದನ್ನೇ ಮಾಡಿಸಿದೆ. ಚೌಕಕ್ಕೆ ಹಳದಿ ತುಂಬುವುದು, ಮೂಲೆಯಲ್ಲಿ ಟಿಪ್ಪಣಿ ಸೇರಿಸುವುದು. ಮೌಸ್ ಇಟ್ಟರೆ ಮಾತ್ರ ಆ ಟಿಪ್ಪಣಿ ತೆರೆದುಕೊಳ್ಳುತ್ತಿತ್ತು, ಹೊಸ ನಂಬರು ಅದರೊಳಗೆ. ನಮ್ಮ ಶಾಪಿನಲ್ಲಿ "ಹಳದಿ ಆಯ್ತು" ಎಂದರೆ ಜಾಯಿಂಟ್ ಕತ್ತರಿಸಿದರು ಎಂದೇ ಅರ್ಥ. ಆಂಧ್ರದವನು, ಬಿಹಾರದವನು, ಎಲ್ಲರೂ ಹಾಗೇ ಹೇಳುತ್ತಿದ್ದರು.

ಈ ಏಪ್ರಿಲ್‌ನಿಂದ ಮಂಗಳವಾರ, ಗುರುವಾರ ನನ್ನನ್ನು ಕರೆಸಿಕೊಳ್ಳುತ್ತಿರುವುದು ಈ ಹಳೆಯ ಕಡತಗಳಿಗಾಗಿಯೇ. ಹದಿನೈದು ಇಪ್ಪತ್ತು ವರ್ಷದ ದಾಖಲೆಗಳು ಬೇರೆ ಬೇರೆ ತಂತ್ರಾಂಶಗಳಲ್ಲಿ ಬಿದ್ದಿದ್ದವು. ಆ ತಂತ್ರಾಂಶ ಮಾಡಿದ ಕೆಲವು ಕಂಪನಿಗಳೇ ಮುಚ್ಚಿಹೋಗಿದ್ದವು, ಕೆಲವು ಕಡತಗಳು ತೆರೆಯುತ್ತಲೇ ಇರಲಿಲ್ಲ. ದೀರ್ಘ ಕಾಲ ಉಳಿಯುವ ರೂಪಕ್ಕೆ ಎಲ್ಲವನ್ನೂ ಬದಲಾಯಿಸಬೇಕಿತ್ತು. ಮೊದಲ ಸಭೆಯಲ್ಲಿ ಮ್ಯಾನೇಜರರು ಎಲ್ಲವನ್ನೂ ಪಿಡಿಎಫ್ ಮಾಡಿ ಎಸೆಯಿರಿ ಎಂದರು. ನಾನು ಸುಮ್ಮನಿರಲಿಲ್ಲ. ಒಂದು ಹಳೆಯ ನಕ್ಷೆಯನ್ನು ಅವರ ಮುಂದೆ ತೆರೆಸಿದೆ. ವ್ಯಾಸದ ಗುರುತು ಇರಬೇಕಾದ ಕಡೆಯೆಲ್ಲ ಖಾಲಿ ಚೌಕ, ಯಾಕೆಂದರೆ ಆ ಅಕ್ಷರದ ಅಚ್ಚು, ಅಂದರೆ ಫಾಂಟ್, ಕಡತದೊಳಗೆ ಸೇರಿರಲಿಲ್ಲ. "ಇದು ನಿಮ್ಮ ಪಿಡಿಎಫ್," ಎಂದೆ. ಆಮೇಲೆ ಎರಡು ಪುಟದ ಪಟ್ಟಿ ಬರೆದುಕೊಟ್ಟೆ. ನಕ್ಷೆಗಳು ಅಕ್ಷರದ ಅಚ್ಚು ಒಳಗೇ ಇರುವ, ದಾಖಲೆಗೆಂದೇ ಮಾಡಿದ ಪಿಡಿಎಫ್‌ನಲ್ಲಿ. ಫೋಟೊಗಳು ಒತ್ತಿ ಕುಗ್ಗಿಸದ ರೂಪದಲ್ಲಿ. ಕೋಷ್ಟಕಗಳೆಲ್ಲ ಸಿಎಸ್‌ವಿಯಲ್ಲಿ, ಅಂದರೆ ಬರೀ ಅಕ್ಷರ ಮತ್ತು ಅಲ್ಪವಿರಾಮ. ಐವತ್ತು ವರ್ಷ ಕಳೆದರೂ ಯಾವ ಯಂತ್ರವಾದರೂ ಓದುತ್ತದೆ, ಯಾರ ಪರವಾನಗಿಯೂ ಬೇಡ ಎಂದು ಮೇಜು ಕುಟ್ಟಿ ಹೇಳಿದ್ದೆ.

ಹೇಳಿದ್ದು ಸರಿಯೇ. ಇವತ್ತೂ ಅದನ್ನೇ ಹೇಳುತ್ತೇನೆ. ಆದರೆ ಬರೀ ಅಕ್ಷರ ಉಳಿಯುವ ರೂಪಕ್ಕೆ ಹಾಕುವ ಮೊದಲು, ನಮ್ಮ ಅರ್ಥವೆಲ್ಲ ಅಕ್ಷರದಲ್ಲಿ ಇದೆಯೇ ಎಂದು ನೋಡಬೇಕಿತ್ತು. ಹಳದಿಯನ್ನು ಜಾರಿಗೆ ತಂದವನೂ ನಾನೇ, ಹಳದಿ ಉಳಿಯದ ರೂಪವನ್ನು ಆರಿಸಿದವನೂ ನಾನೇ. ಎರಡನ್ನೂ ಒಟ್ಟಿಗೆ ಇಟ್ಟು ಒಂದು ಗಳಿಗೆ ಯೋಚಿಸಿರಲಿಲ್ಲ.

"ಮೂಲ ಸ್ಪ್ರೆಡ್‌ಶೀಟ್ ಉಂಟಲ್ಲ?" ಎಂದೆ.

ಅವಳು ನನ್ನ ಮುಖ ನೋಡಲಿಲ್ಲ. ಮೇಜಿನ ಮೇಲಿನ ಪಟ್ಟಿಯ ಎರಡನೇ ಪುಟ ತೆಗೆದು ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. ನನ್ನದೇ ಕೈಬರಹ. ಸಾಲುಗಳ ಲೆಕ್ಕ ತಾಳೆಯಾದ ಮೇಲೆ ಮೂಲ ಕಡತವನ್ನು ಅಳಿಸಬೇಕು, ಒಂದೇ ದಾಖಲೆಗೆ ಎರಡು ಪ್ರತಿ ಇರಕೂಡದು.

"ನಲವತ್ತು ಜಾಬ್ ಆಗಿದೆ, ಕಾಕಾ. ನೀವು ಹೇಳಿದ ಹಾಗೇ ಮಾಡಿದ್ದು. ಸಾಲು ಎಣಿಸಿ ತಾಳೆ ಮಾಡ್ಕೊಂಡೇ ಡಿಲೀಟ್ ಕಿಯಾ. ಬ್ಯಾಕಪ್ ಭೀ."

"ನಿನ್ನ ತಪ್ಪಲ್ಲ ಮಾರಾಯ್ತಿ," ಎಂದೆ. ದನಿ ಎತ್ತರಕ್ಕೆ ಹೋಯಿತು, ಅವಳ ಮೇಲಲ್ಲ. ಸಾಲುಗಳನ್ನು ಎಣಿಸಿದ್ದಾಳೆ. ಬಣ್ಣಗಳನ್ನು ಎಣಿಸು ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ಅವಳು ಸೇರುವ ಹೊತ್ತಿಗೆ ಆ ಹಳೆಯ ಕೆಲಸಗಳೆಲ್ಲ ಮುಗಿದಿದ್ದವು, ಹಳದಿ ಎಂದರೇನೆಂದು ಅವಳಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಅದರ ಅರ್ಥವನ್ನು ನಾನು ಎಲ್ಲೂ ಬರೆದಿಟ್ಟಿರಲಿಲ್ಲ. ಎಲ್ಲರಿಗೂ ಗೊತ್ತಿದೆ ಎಂದುಕೊಂಡಿದ್ದೆ. ಎಲ್ಲರೂ ಎಂದರೆ ಯಾರು? ನಿವೃತ್ತರಾದ ನಾಲ್ಕು ಜನ, ಮತ್ತು ಎದುರಿಗೆ ನಿಂತ ಈ ವೆಲ್ಡರ್.

ಹತ್ತೂವರೆಗೆ ಮ್ಯಾನೇಜರರು ಬಂದರು. ನಾಸಿಕ್ ಕಡೆಯವರು, ಕೆಟ್ಟ ಮನುಷ್ಯರಲ್ಲ, ಆದರೆ ಎಲ್ಲದಕ್ಕೂ ಆತುರ. ನಾನು ವಿಷಯ ಹೇಳಿದೆ. ಅವರು ಪರದೆ ನೋಡಿ, "ಸರ್, ಶೀಟ್ ಮೇ ಜೋ ಹೈ, ವಹೀ ಹೈ," ಎಂದರು.

"ಶೀಟಿನಲ್ಲಿ ಅರ್ಧ ಇದೆ," ಎಂದೆ ಹಿಂದಿಯಲ್ಲಿ.

"ಐವತ್ತು ವರ್ಷ ಉಳಿಯುತ್ತೆ ಅಂತ ನೀವೇ ಹೇಳಿದ್ರಿ."

"ಉಳಿದಿದೆ. ತಪ್ಪು ಉಳಿದಿದೆ."

"ಐದು ಗಂಟೆಗೆ ನಾನು ಏನಾದರೂ ಕಳಿಸಲೇಬೇಕು. ಇವನು ಹೇಳ್ತಾನೆ, ನೀವು ಹೇಳ್ತೀರಿ. ಕಾಗದ ತೋರಿಸಿ."

ಮಾತು ನ್ಯಾಯವಾದದ್ದೇ, ಅದೇ ನನ್ನನ್ನು ಹೆಚ್ಚು ಚುಚ್ಚಿತು. ಆದರೆ ಕಾಗದ ಇಲ್ಲದೆ ಒಬ್ಬನನ್ನು ಬಿಡಲಾಗದು ಎನ್ನುವವರು, ಅರ್ಧ ಕಾಗದ ನೋಡಿ ಅವನ ನಂಬರನ್ನು ಬಾಗಿಲಿಗೆ ಅಂಟಿಸಿದ್ದರು. ಅದನ್ನೂ ಹೇಳಿದೆ. ಅವರು ಗಡಿಯಾರ ನೋಡಿಕೊಂಡು ಹೋದರು.

ಆಗ ವೆಲ್ಡರ್ ಬಾಯಿ ಬಿಟ್ಟ. "ಸಾಹೇಬ್ರ, ಎಕ್ಸ್‌ರೇ ಎರಡು ಸಲ ತಗದಿರ್ಬೇಕಲ್ರಿ. ಮತ್ತ ಹಾಕಿದ್ಮ್ಯಾಗ ತಗೀದ ಬಿಡ್ತಾರೇನು?"

ಮೂವತ್ತು ವರ್ಷ ಗುಣಮಟ್ಟ ನೋಡಿದ ನನಗೆ ಹೊಳೆಯದ್ದು ಅವನಿಗೆ ಹೊಳೆಯಿತು. ಬೆಸುಗೆಯ ಒಳಗನ್ನು ನೋಡಲು ಪ್ರತಿ ಜಾಯಿಂಟಿಗೂ ಎಕ್ಸ್‌ರೇ ತೆಗೆಯುತ್ತೇವೆ. ತೆಗೆಯುವಾಗ ಜಾಯಿಂಟಿನ ಪಕ್ಕ ಸೀಸದ ಪುಟ್ಟ ಅಕ್ಷರಗಳನ್ನು ಅಂಟಿಸುತ್ತಾರೆ: ಜಾಬ್ ನಂಬರು, ಜಾಯಿಂಟು, ವೆಲ್ಡರಿನ ನಂಬರು. ಮರು ಬೆಸೆದದ್ದಾದರೆ ಆರ್ ಡಬ್ಲ್ಯು ಎಂಬ ಎರಡಕ್ಷರ. ಅವು ಫಿಲ್ಮಿನಲ್ಲೇ ಬೆಳ್ಳಗೆ ಮೂಡುತ್ತವೆ. ಆ ಚಿತ್ರ ಇರುವವರೆಗೆ ಅಕ್ಷರವೂ ಇರುತ್ತದೆ, ಬೇರೆ ಮಾಡಲು ಬರುವುದಿಲ್ಲ.

"ಫಿಲ್ಮ್ ಎಲ್ಲಿ ಇಟ್ಟಿದ್ದೀರಿ?" ಎಂದೆ.

ಅಧಿಕಾರಿ ಎದ್ದು ನಿಂತಳು. "ಕಾಕಾ, ಹತ್ತು ವರ್ಷದ ಹಳೇದು ಎಲ್ಲ ಸ್ಕ್ರ್ಯಾಪ್. ಚಾಂದಿವಾಲಾ ಆಜ್ ಆ ರಹಾ ಹೈ, ಎರಡು ಗಂಟೆಗೆ."

ಹಳೆಯ ಫಿಲ್ಮಿನಿಂದ ಬೆಳ್ಳಿ ತೆಗೆಯುವವರು ಇರುತ್ತಾರೆ. ಇಡಬೇಕಾದ ಅವಧಿ ಮುಗಿದಿದೆ ಎಂದು ಮ್ಯಾನೇಜರರು ಅವರಿಗೆ ಹೇಳಿಬಿಟ್ಟಿದ್ದರು. ಅವಧಿ ಮುಗಿದಿತ್ತು, ನಿಜ. ಆದರೆ ಕಂಪ್ಯೂಟರಿನೊಳಗಿನ ಪ್ರತಿ ಸರಿಯಾಗಿದೆಯೇ ಎಂದು ಒಂದು ಸಲ ನೋಡದೆ, ಬಗ್ಗಿ ಎತ್ತಿ ಕಟ್ಟಿಡುವ ಕೆಲಸ ಮಾತ್ರ ಅಚ್ಚುಕಟ್ಟಾಗಿ ಮುಗಿದಿತ್ತು.

ಹಿಂದಿನ ಶೆಡ್ಡಿನಲ್ಲಿ ಕಟ್ಟುಗಳು ಸೊಂಟದೆತ್ತರಕ್ಕೆ ಬಿದ್ದಿದ್ದವು. ಮೇಲೆ ತಗಡು, ತಗಡಿನ ಮೇಲೆ ಮಳೆ. ಒಳಗೆ ಕಾಲಿಟ್ಟರೆ ಹುಳಿ ವಾಸನೆ, ಹಳೆಯ ಫಿಲ್ಮಿನದು. ಹನ್ನೊಂದಕ್ಕೆ ಶುರು ಮಾಡಿದೆವು. ನಾನು ಕೆಲಸ ಹಂಚಿದೆ. ವೆಲ್ಡರ್ ಕಟ್ಟು ಬಿಚ್ಚುವುದು, ಅಧಿಕಾರಿ ಲಕೋಟೆಯ ಮೇಲಿನ ಜಾಬ್ ನಂಬರು ಓದುವುದು, ನಾನು ನೋಡಿ ಮುಗಿದದ್ದನ್ನು ಎಡಕ್ಕೆ ಪೇರಿಸುವುದು. ತೇವಕ್ಕೆ ಎಷ್ಟೋ ಲಕೋಟೆಗಳು ಒಂದಕ್ಕೊಂದು ಅಂಟಿದ್ದವು. ಎಳೆದರೆ ಹರಿಯುತ್ತವೆ. ಒಂದೊಂದನ್ನೂ ಸ್ಕೇಲು ತೂರಿಸಿ ಬಿಡಿಸಬೇಕು.

"ಲಗೂ ಮಾಡೂಣೇನ್ರಿ?" ಎಂದ ಅವನು ಹನ್ನೆರಡರ ಹೊತ್ತಿಗೆ.

"ಲಗೂ ಮಾಡಿಯೇ ಇಲ್ಲಿಗೆ ಬಂದದ್ದು," ಎಂದೆ.

ಅಧಿಕಾರಿ ನಕ್ಕಳು. "ಕಾಕಾ ಗುಸ್ಸೇ ಮೇ ಭೀ ಲೈನ್ ಸೇ ರಖ್ ರಹೇ ಹೈ," ಎಂದಳು ಅವನಿಗೆ. ಸಿಟ್ಟಿನಲ್ಲೂ ಸಾಲಾಗಿಯೇ ಇಡುತ್ತಿದ್ದಾರೆ ಎಂದು. ಇಡಲೇಬೇಕು. ನೋಡಿದ ಲಕೋಟೆ ನೋಡದ ಲಕೋಟೆಗೆ ಸೇರಿದರೆ ಹುಡುಕಾಟಕ್ಕೆ ಅರ್ಥವಿಲ್ಲ.

ಊಟಕ್ಕೆ ಹದಿನೈದು ನಿಮಿಷ, ಅಲ್ಲೇ ನಿಂತು. ಒಂದೂ ಐವತ್ತಕ್ಕೆ ಬೆಳ್ಳಿಯವನ ಟೆಂಪೊ ಗೇಟಿಗೆ ಬಂತು. ಗೇಟಿನವನಿಗೆ ನಾನೇ ಹೋಗಿ ಒಳಗೆ ಬಿಡಬೇಡ ಎಂದೆ. ಯಾರು ಹೇಳಿದ್ದು ಎಂದು ಅವನು ಕೇಳಿದ. ನನ್ನ ಹೆಸರು ಬರೆದುಕೋ ಎಂದೆ. ನಿವೃತ್ತನ ಮಾತಿಗೆ ಗೇಟಿನಲ್ಲಿ ಬೆಲೆಯಿಲ್ಲ ಎಂದು ಗೊತ್ತಿತ್ತು, ಆದರೆ ಬರೆದುಕೊಂಡ ಹೆಸರಿಗೆ ಇದೆ.

ಎರಡೂ ಇಪ್ಪತ್ತಕ್ಕೆ ವೆಲ್ಡರನೇ ಎತ್ತಿ ಕೊಟ್ಟ. ಆ ಜಾಬಿನ ಲಕೋಟೆಗಳು ಒಂದು ಗಂಟಾಗಿ ಸಿಕ್ಕಿದ್ದವು. ಅದರಲ್ಲಿ ಸಿ-ಎರಡಕ್ಕೆ ಎರಡು. ಫಿಲ್ಮ್ ನೋಡುವ ದೀಪದ ಪೆಟ್ಟಿಗೆ ಕೆಟ್ಟು ಯಾವ ಕಾಲವಾಗಿತ್ತೋ. ಹೊರಗೆ ಮೋಡ. ಅಧಿಕಾರಿ ತನ್ನ ಲ್ಯಾಪ್‌ಟಾಪಿನ ಪರದೆಯನ್ನು ಪೂರ್ತಿ ಬಿಳಿ ಮಾಡಿದಳು. ಅದರ ಮೇಲೆ ಮೊದಲನೆಯದನ್ನು ಇಟ್ಟೆ. ಸಿ-ಎರಡು, ಹದಿನೇಳು. ಬೆಸುಗೆ ಒಂದೂ ಕಪ್ಪು ಚುಕ್ಕೆಯಿಲ್ಲದೆ ಶುದ್ಧವಾಗಿತ್ತು. ಎರಡನೆಯದನ್ನು ಇಟ್ಟೆ. ಸಿ-ಎರಡು, ಆರ್ ಡಬ್ಲ್ಯು, ಮೂವತ್ತೊಂದು. ಕೆಳಗೆ ತಾರೀಖು, ಮೊದಲನೆಯದಕ್ಕಿಂತ ಹತ್ತೊಂಬತ್ತು ದಿನ ಈಚಿನದು.

ವೆಲ್ಡರ್ ಮೂಗು ತಾಗುವಷ್ಟು ಬಗ್ಗಿ ನೋಡಿದ. ಎರಡನೆಯದನ್ನಲ್ಲ, ಮೊದಲನೆಯದನ್ನು. "ಎಷ್ಟು ಚಂದ ಹಾಕಿದ್ದೆ ನೋಡ್ರಿ," ಎಂದ. "ಕಡದು ಒಗದ್ರು."

ಮೂವತ್ತೊಂದರವನು ಈಗ ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ. ಅವನ ಫಿಲ್ಮನ್ನೂ ನಾನು ಅಷ್ಟೇ ಹೊತ್ತು ನೋಡಿದೆ. ಅದರಲ್ಲೂ ದೋಷ ಇರಲಿಲ್ಲ. ಇದನ್ನು ಉತ್ತರದಲ್ಲಿ ಬರೆಯಲೇಬೇಕು ಎಂದು ಆಗಲೇ ನಿಶ್ಚಯಿಸಿದೆ. ಒಬ್ಬನ ಕುತ್ತಿಗೆಯಿಂದ ತೆಗೆದು ಇನ್ನೊಬ್ಬನ ಕುತ್ತಿಗೆಗೆ ಹಾಕಲು ನಾನು ಶೆಡ್ಡಿನಲ್ಲಿ ಮೂರು ಗಂಟೆ ನಿಂತಿರಲಿಲ್ಲ.

ಫಿಲ್ಮುಗಳನ್ನು ಸ್ಕ್ಯಾನ್ ಮಾಡಿಸಿದೆವು. ಯಂತ್ರ ತಾನಾಗಿಯೇ ಅಂಚು ಕತ್ತರಿಸಿ, ಸೀಸದ ಅಕ್ಷರಗಳಿಲ್ಲದ ಸುಂದರ ಚಿತ್ರ ಕೊಟ್ಟಿತು. ಅದನ್ನು ಅಳಿಸಿ, ಅಂಚುಸಹಿತ ಮತ್ತೆ ಮಾಡಿಸಿದೆ. ಮ್ಯಾನೇಜರರು ಫಿಲ್ಮನ್ನೇ ಕೈಯಲ್ಲಿ ಹಿಡಿದು ನೋಡಿದರು. ಗೇಟಿಗೆ ಫೋನ್ ಮಾಡಿ ಬೆಳ್ಳಿಯವನ ಟೆಂಪೊವನ್ನು ವಾಪಸ್ ಕಳಿಸಿದರು. ಉತ್ತರದ ಕರಡು ನಾನು ಬರೆದೆ. ಜಾಯಿಂಟನ್ನು ಗಿರಾಕಿಯ ಕೋರಿಕೆಯ ಮೇಲೆ ಕತ್ತರಿಸಿದ್ದು, ಬೇರೆ ವೆಲ್ಡರ್ ಮರು ಬೆಸೆದದ್ದು, ಎರಡು ಎಕ್ಸ್‌ರೇಗಳೂ ಶುದ್ಧವಿರುವುದು. ಕೊನೆಗೆ, ಹನ್ನೊಂದು ವರ್ಷ ವೆಸೆಲ್ ನಡೆಸಿದ ಉಷ್ಣತೆ, ಒತ್ತಡಗಳ ದಾಖಲೆಯನ್ನು ನಮಗೆ ಕಳಿಸಿಕೊಡಬೇಕು ಎಂಬ ಒಂದು ಸಾಲು. ಮ್ಯಾನೇಜರರು ಆ ಸಾಲನ್ನು ತೆಗೆಯಬೇಕೆಂದರು, ಗಿರಾಕಿಗೆ ಬೇಜಾರಾಗುತ್ತದೆಯಂತೆ. ಹದಿನೇಳನೇ ನಂಬರಿನವನಿಗೆ ಬೇಜಾರಾದಾಗ ಯಾರು ಕೇಳಿದರು ಎಂದೆ. ಸಾಲು ಉಳಿಯಿತು. ಉತ್ತರ ನಾಲ್ಕೂ ಐವತ್ತಕ್ಕೆ ಹೋಯಿತು.

ಬಾಕಿ ಇದ್ದದ್ದು ದೊಡ್ಡದು. ನಲವತ್ತು ಜಾಬುಗಳ ಹಳದಿ ಹೋಗಿದೆ. ಎಲ್ಲ ಫಿಲ್ಮುಗಳನ್ನು ಬೆಳಕಿಗೆ ಹಿಡಿದು, ಆರ್ ಡಬ್ಲ್ಯು ಇದ್ದದ್ದನ್ನೆಲ್ಲ ಅಕ್ಷರದಲ್ಲಿ ಮತ್ತೆ ಬರೆಯಬೇಕು. ಇನ್ನೂ ಬದಲಾಯಿಸದ ಕಡತಗಳಲ್ಲಿ ಬಣ್ಣಕ್ಕೊಂದು, ಟಿಪ್ಪಣಿಗೊಂದು ಹೊಸ ಅಂಕಣ ಸೇರಿಸಿ ಮಾತಿನಲ್ಲಿ ತುಂಬಿದ ಮೇಲೆಯೇ ಮುಂದಿನ ಕೆಲಸ. ಅಧಿಕಾರಿ ಆ ಒಂದು ಸಾಲನ್ನು ಮಾತ್ರ ಆಗಲೇ ಸರಿಪಡಿಸಿದಳು. ಕತ್ತರಿಸಿ ಮರು ಬೆಸೆದದ್ದು, ವೆಲ್ಡರ್ ಮೂವತ್ತೊಂದು, ಫಿಲ್ಮ್ ನೋಡಿ ದೃಢಪಡಿಸಿದೆ ಎಂದು. ಗಟ್ಟಿಯಾಗಿ ಓದಿಸಿ ಕೇಳಿದೆ. ಉಳಿದದ್ದು ಗುರುವಾರದಿಂದ.

ಐದೂ ಕಾಲಿಗೆ ಮ್ಯಾನೇಜರರು ಶಾಪಿನ ಬಾಗಿಲಿಗೆ ಬಂದು ಚೀಟಿಯ ಮೂಲೆಗೆ ಉಗುರು ಹಾಕಿದರು.

"ಹರೀಬ್ಯಾಡ್ರಿ," ಎಂದ ವೆಲ್ಡರ್ ಹಿಂದಿನಿಂದ. ಕನ್ನಡದಲ್ಲೇ ಅಂದ. ಆಮೇಲೆ ಹಿಂದಿಯಲ್ಲಿ, "ಫಾಡೋ ಮತ್, ಸಾಬ್." ನನ್ನ ಕಡೆ ತಿರುಗಿದ. "ಹರದ್ರ ಏನಾಗ್ತದ ಹೇಳ್ರಿ ಸಾಹೇಬ್ರ? ಓದಿದವ್ರೆಲ್ಲ ಓದ್ಯಾರ. ನಾಳೆ ಚೀಟಿ ಇಲ್ಲಂದ್ರ ಗಾಳಿಗೆ ಹಾರ್ತು ಅಂತಾರ, ಇಲ್ಲಾ ಸಾಹೇಬ್ರ ಕಾಲು ಹಿಡದ ಅಂತಾರ. ತಗದಿದ್ದು ಯಾಕ ಅಂತ ಬರೀರಿ. ಪಕ್ಕಕ್ಕ ಅಂಟಸ್ರಿ. ಎರಡೂ ಎಂಟು ದಿನ ಇರ್ಲಿ."

ಮ್ಯಾನೇಜರರು ನನ್ನನ್ನು ನೋಡಿದರು. ನಾನು ಹೇಳುವ ಮೊದಲೇ ಅವರೇ ಜೇಬಿನಿಂದ ಪೆನ್ನು ತೆಗೆದರು. ಬರೆಯಲು ಹಿಂದಿ ಅಕ್ಷರ ಚೆನ್ನಾಗಿರುವುದು ಅಧಿಕಾರಿಯದು, ಅವಳು ಬರೆದಳು. ಹದಿನೇಳನೇ ನಂಬರಿನ ವೆಲ್ಡರ್ ಮೇಲಿನ ಆದೇಶ ತಪ್ಪು ದಾಖಲೆಯ ಆಧಾರದ ಮೇಲೆ ಹೊರಟಿತ್ತು, ಅದನ್ನು ಹಿಂತೆಗೆದುಕೊಂಡಿದೆ, ಇಂದಿನಿಂದಲೇ ಅವರಿಗೆ ಎಲ್ಲ ವೆಲ್ಡಿಂಗ್ ಕೆಲಸ ಕೊಡಬಹುದು. ದಾಖಲೆ ಯಾರ ತಪ್ಪಿನಿಂದ ಕೆಟ್ಟಿತು ಎಂಬ ಜಾಗದಲ್ಲಿ ಅವಳ ಕೈ ನಿಂತಿತು. ನನ್ನ ಹೆಸರು ಬರೆ ಎಂದೆ. ಬರೆದಳು. ಮ್ಯಾನೇಜರರು ಸಹಿ ಮಾಡಿ ವೇಳೆ ಬರೆದರು, ಐದೂ ಮೂವತ್ತೈದು. ಎರಡನೇ ಪಾಳಿಯವರು ನಿಂತು ಓದತೊಡಗಿದರು. ವೆಲ್ಡರ್ ನಾಲ್ಕು ಮೂಲೆಗೂ ಟೇಪು ಹಚ್ಚಿ, ಅಂಗೈಯಿಂದ ಒತ್ತಿ, ನೇರವಾಗಿದೆಯೇ ಎಂದು ನನ್ನನ್ನು ಕೇಳಿದ. ನೇರವಾಗಿತ್ತು.